ಪ್ರಾರ್ಥನಾ ಮಂದಿರದಲ್ಲಿ ಧ್ವನಿವರ್ಧಕದ ತಂತಿ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ತಪ್ಪದೆ ಬರುವ ಮಿತ್ರರೊಬ್ಬರು, ಕಳೆದ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಒಂದು ತಿಂಗಳಿದೆ ಎನ್ನುವಾಗ, ಪತ್ರಿಕೆಗಳನ್ನು ಮುಟ್ಟದೆ ಹಾಳೆಯೊಂದರ ಮೇಲೆ ಗೆರೆ ಎಳೆಯುತ್ತ ಕುಳಿತಿದ್ದರು. ವಿಚಾರಿಸಲಾಗಿ ಸಂಗತಿ ತಿಳಿಯಿತು. ಅವರು ಬೀದರ ಕಡೆಯವರು. ವಾರದ ದಿನಗಳಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ, ಕನ್ನಡದಲ್ಲಿ ಆರಾಧನೆ ನಡೆಸುವ ಒಂದು ಚಿಕ್ಕ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವವರು. ಆ ಸಭೆಯಲ್ಲಿ ಹೆಚ್ಚಿನವರು ಕಾರಖಾನೆ, ಆಸ್ಪತ್ರೆ, ಕಟ್ಟಡದ ಕೆಲಸ, ಮನೆಗೆಲಸಗಳಿಂದ ಬದುಕುವ ಜನ. ಅವರೆಲ್ಲ ಎರಡು ವರ್ಷ ಚಂದಾ ಕೂಡಿಸಿ ಒಂದು ಆಂಪ್ಲಿಫೈಯರು, ನಾಲ್ಕು ಸ್ಪೀಕರು, ಮೂರು ಮೈಕು ಕೊಂಡಿದ್ದರು. ಕೊಂಡ ಮೇಲೆ ಸುಖವಿರಲಿಲ್ಲ.

“ಏನ್ ಹೇಳೂದ್ರೀ, ಪಾದ್ರಿಯವರು ಪ್ರಸಂಗಕ್ಕ ನಿಂತ್ರ ಮೊದಲು ಗುಂಯ್ ಅಂತದ. ಪಂಖಾ ಹಚ್ಚಿದ್ರ ಗರ್ ಅಂತದ. ಮೊನ್ನೆ ಪ್ರಾರ್ಥನೆ ನಡುವ ಸಿನಿಮಾ ಹಾಡು ಬಂತ್ರೀ, ಸಣ್ಣ ದನೀಲೆ. ಹುಡುಗರೆಲ್ಲ ನಕ್ಕುಬಿಟ್ರು.”

ಮಾರಿದ ಅಂಗಡಿಯವರು ಇದಕ್ಕಿಂತ ದೊಡ್ಡ ಆಂಪ್ಲಿಫೈಯರು ಕೊಳ್ಳಿರಿ, ಎಲ್ಲ ಸರಿಹೋಗುತ್ತದೆ ಎಂದಿದ್ದರಂತೆ. ಮತ್ತೆ ಚಂದಾ ಎತ್ತುವ ಮುಖ ನಮ್ಮ ಮಿತ್ರರಿಗೆ ಇರಲಿಲ್ಲ. ನಮ್ಮಲ್ಲಿ ವಿದ್ಯುತ್ ಕೆಲಸ ಬಲ್ಲವರು ಇಬ್ಬರಿದ್ದಾರೆ. ಒಂದು ಶನಿವಾರ ಅವರನ್ನು ಕರೆದುಕೊಂಡು ನಾವು ನೋಡಿಬಂದೆವು. ಅಲ್ಲಿ ಕಂಡದ್ದನ್ನೂ, ಈ ವಿಷಯದಲ್ಲಿ ತಿಳಿದಿರಬೇಕಾದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇಗರ್ಜಿಯ ಮಾತು ತಮಗೇಕೆ ಎಂದು ಯಾರೂ ಹಾಳೆ ತಿರುಗಿಸಬೇಕಾಗಿಲ್ಲ. ಭಜನಾ ಮಂಡಳಿಗೂ, ರಾಜ್ಯೋತ್ಸವಕ್ಕೆ ನಾವು ಬಾಡಿಗೆಗೆ ಹಿಡಿಯುವ ಸಭಾಗೃಹಕ್ಕೂ ಇದೇ ತಂತಿ, ಇದೇ ವಿದ್ಯುತ್ತು.

ಅಲ್ಲಿ ಕಾಲಿಟ್ಟೊಡನೆ ಕೇಳಿಸಿದ್ದು ಗುಂಯ್ ಶಬ್ದ. ಆದರೆ ನಮ್ಮನ್ನು ನಿಲ್ಲಿಸಿದ್ದು ಅದಲ್ಲ. ಗಿಟಾರು ಬಾರಿಸುವ ಹುಡುಗನೊಬ್ಬ, ಹದಿನಾರು ವರ್ಷದವನಿರಬಹುದು, ತಮಾಷೆಯಾಗಿ ಹೇಳಿದ: ಹಾಡಲು ಮೈಕಿಗೆ ತುಟಿ ತಾಗಿದರೆ ಜುಮ್ಮೆನ್ನುತ್ತದೆ, ಅದಕ್ಕೇ ತಾನು ಮೈಕಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ ಎಂದು. ನಮ್ಮ ವಾಯರ್‌ಮನ್ ಮಿತ್ರರು ಆಂಪ್ಲಿಫೈಯರಿನ ಪ್ಲಗ್ಗನ್ನು ಕಿತ್ತು ನೋಡಿದರು. ಮೂರು ಮೊಳೆಗಳಿರಬೇಕಾದಲ್ಲಿ ಎರಡೇ ಇದ್ದವು. ದಪ್ಪನೆಯ ಮೇಲಿನ ಮೊಳೆಯನ್ನು ಯಾರೋ ಇಕ್ಕಳದಿಂದ ಕಿತ್ತುಹಾಕಿದ್ದರು. ಹಾಗೆ ಕಿತ್ತರೆ ಗುಂಯ್ ಶಬ್ದ ಕಡಮೆಯಾಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಕಡಮೆಯಾಗುತ್ತದೆ ಎಂಬುದು ಸುಳ್ಳಲ್ಲ. ಅದೇ ಈ ಉಪಾಯದ ದೊಡ್ಡ ಅಪಾಯ.

ಆ ಮೂರನೆಯ ಮೊಳೆ ಅರ್ಥಿಂಗಿನದು. ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಯನ್ನು ಅದು ಭೂಮಿಗೆ ಜೋಡಿಸುತ್ತದೆ. ಒಳಗೆ ಎಲ್ಲಾದರೂ ತಂತಿ ಸುಲಿದು ೨೩೦ ವೋಲ್ಟಿನ ಫೇಸು ಪೆಟ್ಟಿಗೆಗೆ ತಾಗಿದರೆ, ವಿದ್ಯುತ್ತು ಆ ದಾರಿಯಿಂದ ಭೂಮಿಗೆ ಹರಿದು ಫ್ಯೂಸು ಹೋಗುತ್ತದೆ, ಇಲ್ಲವೆ ಸ್ವಿಚ್ಚು ಬೀಳುತ್ತದೆ. ಮೊಳೆ ಇಲ್ಲದಿದ್ದರೆ ಪೆಟ್ಟಿಗೆ ೨೩೦ ವೋಲ್ಟಿನಲ್ಲಿಯೇ ಸುಮ್ಮನೆ ಕುಳಿತಿರುತ್ತದೆ. ಮೈಕಿನ ಲೋಹದ ಜಾಲರಿ ಅದೇ ಪೆಟ್ಟಿಗೆಗೆ, ತಂತಿಯ ಹೊದಿಕೆಯ ಮೂಲಕ, ಜೋಡಿಸಿಕೊಂಡಿದೆ. ಅದನ್ನು ಹಿಡಿದ ಕೈಯ ಮೂಲಕ, ಬರಿಗಾಲಿನ ಮೂಲಕ, ಅಥವಾ ಬೇರೆ ಪ್ಲಗ್ಗಿನಿಂದ ಅರ್ಥ್ ಆಗಿರುವ ಗಿಟಾರಿನ ತಂತಿಯ ಮೂಲಕ ಅದು ಭೂಮಿಗೆ ದಾರಿ ಹುಡುಕಿಕೊಳ್ಳುತ್ತದೆ. ತುಟಿಗೆ ಜುಮ್ಮೆಂದದ್ದು ಇನ್ನೂ ಪೂರ್ತಿ ಕೆಟ್ಟ ಸ್ಥಿತಿಯಲ್ಲ. ಅನೇಕ ಯಂತ್ರಗಳಲ್ಲಿ ಶಬ್ದ ಸೋಸಲು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಪೆಟ್ಟಿಗೆಗೆ ಸಣ್ಣ ಕೆಪಾಸಿಟರುಗಳನ್ನು ಹಾಕಿರುತ್ತಾರೆ; ಅರ್ಥ್ ಇಲ್ಲದಾಗ ಪೆಟ್ಟಿಗೆ ಸುಮಾರು ಅರ್ಧ ವೋಲ್ಟೇಜಿಗೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪ, ಆದ್ದರಿಂದ ಜುಮ್ಮೆಂದು ಬಿಟ್ಟುಬಿಡುತ್ತದೆ. ಆದರೆ ಆ ಜುಮ್ಮು ಹೇಳುವುದು ಒಂದೇ ಮಾತು: ಅರ್ಥ್ ಇಲ್ಲ. ನಾಳೆ ನಿಜವಾದ ದೋಷ ಬಂದರೆ ತಡೆಯಲು ಏನೂ ಇಲ್ಲ.

ಇದು ಹೆದರಿಸಲು ಕಟ್ಟಿದ ಮಾತಲ್ಲ. ೨೦೦೫ರ ಅಕ್ಟೋಬರ್ ೩೦ರ ಭಾನುವಾರ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ವೇಕೋ ಎಂಬ ಊರಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ದೀಕ್ಷಾಸ್ನಾನದ ತೊಟ್ಟಿಯ ನೀರಿನಲ್ಲಿ ನಿಂತಿದ್ದ ಪಾದ್ರಿಯೊಬ್ಬರು ಪಕ್ಕದ ಮೈಕಿಗೆ ಕೈ ಚಾಚಿದರು. ಇಡೀ ಸಭೆಯ ಕಣ್ಣೆದುರಿಗೆ ವಿದ್ಯುದಾಘಾತದಿಂದ ಕುಸಿದು ತೀರಿಕೊಂಡರು. ಇನ್ನೂ ಎಳೆಯ ವಯಸ್ಸಿನವರು. ದೋಷ ಮೈಕಿನ ಕಡೆಯೇ ಇರಬೇಕೆಂದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮನುಷ್ಯನ ದೇಹ ಎರಡು ವಸ್ತುಗಳನ್ನು ಒಟ್ಟಿಗೆ ಮುಟ್ಟಿದಾಗ ಆ ಎರಡರ ನಡುವೆ ವೋಲ್ಟೇಜು ಇದ್ದರೆ ಸಾಕು. ಒಂದು ನೀರು, ಇನ್ನೊಂದು ಮೈಕು. ಒಂದು ಗಿಟಾರು, ಇನ್ನೊಂದು ಮೈಕು. ಒದ್ದೆ ಮೈಯ ತಡೆ ಒಂದು ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ; ೨೩೦ ವೋಲ್ಟಿಗೆ ಆಗ ೨೩೦ ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಹದಿನೈದು ಮಿಲಿಆಂಪಿಯರಿಗೇ ಹಿಡಿದ ಕೈ ಬಿಡಿಸಿಕೊಳ್ಳಲು ಬಾರದು.

ಆದುದರಿಂದ ಮೊದಲ ಕೆಲಸ ಪ್ಲಗ್ಗಿಗೆ ಮೂರನೆಯ ಮೊಳೆ ಹಾಕಿಸುವುದು. ಅಷ್ಟಕ್ಕೇ ಮುಗಿಯಲಿಲ್ಲ. ಗೋಡೆಯ ಸಾಕೆಟ್ಟನ್ನು ಬಿಚ್ಚಿದಾಗ ಅದರ ಹಸಿರು ತಂತಿ ಎಲ್ಲಿಗೂ ಜೋಡಿಸದೆ ಸುರುಳಿಯಾಗಿ ಒಳಗೇ ಬಿದ್ದಿತ್ತು! ಮೂರು ತೂತುಗಳ ಸಾಕೆಟ್ಟು ಕಂಡೊಡನೆ ಅರ್ಥ್ ಇದೆಯೆಂದು ನಂಬಬಾರದು, ಅಳೆಯಿಸಿ ನೋಡಬೇಕು. ಜೊತೆಗೆ, ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಬೇಕು. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಅದು ತೂಗಿ ನೋಡುತ್ತಿರುತ್ತದೆ; ನಡುವೆ ಯಾರದೋ ಮೈಮೂಲಕ ಸೋರಿದರೆ ಕ್ಷಣಮಾತ್ರದಲ್ಲಿ ಕಡಿದುಬಿಡುತ್ತದೆ. ಇದಿದ್ದರೆ ಅರ್ಥಿಂಗ್ ಬೇಡ ಎಂದಲ್ಲ, ಎರಡೂ ಇರತಕ್ಕದ್ದು. ಈ ೨೩೦ ವೋಲ್ಟಿನ ಕೆಲಸವನ್ನು ಪರವಾನಗಿ ಉಳ್ಳ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂದು ಹಿಂದಿನ ೧೯೫೬ರ ವಿದ್ಯುತ್ ನಿಯಮಗಳೂ ಹೇಳುತ್ತಿದ್ದವು, ಈಗ ಜಾರಿಯಲ್ಲಿರುವ ೨೦೨೩ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳೂ ಹೇಳುತ್ತವೆ. ಸಭೆಯ ಹುಡುಗರ ಉತ್ಸಾಹ ಸ್ಪೀಕರಿನ ತಂತಿ ಎಳೆಯುವುದಕ್ಕೆ ಸಾಕು. ಸ್ವಿಚ್‌ಬೋರ್ಡಿನ ಹಿಂದೆ ಅದು ಬೇಡ.

ಈಗ ಗುಂಯ್ ಶಬ್ದದ ಮೂಲಕ್ಕೆ ಬರೋಣ. ಮೊಳೆ ಕಿತ್ತರೆ ಅದೇಕೆ ಕಡಮೆಯಾಗುತ್ತದೆ? ಆಂಪ್ಲಿಫೈಯರು ಪೀಠದ ಬಳಿ ಒಂದು ಸಾಕೆಟ್ಟಿನಲ್ಲಿದೆ. ಕೀಬೋರ್ಡು ಹಿಂಬದಿಯಲ್ಲಿ ಗಾನವೃಂದದವರ ಬಳಿ ಇನ್ನೊಂದು ಸಾಕೆಟ್ಟಿನಲ್ಲಿದೆ. ಎರಡಕ್ಕೂ ತಮ್ಮ ತಮ್ಮ ಅರ್ಥ್ ಇದ್ದು, ನಡುವೆ ಧ್ವನಿಯ ತಂತಿಯ ಹೊದಿಕೆಯೂ ಅವೆರಡನ್ನು ಜೋಡಿಸಿದೆ. ಹೀಗೆ ಒಂದು ದೊಡ್ಡ ಉಂಗುರ ಏರ್ಪಟ್ಟಿತು. ಕಟ್ಟಡದ ಎರಡು ಮೂಲೆಗಳ ಅರ್ಥುಗಳ ನಡುವೆ ಅಷ್ಟಿಷ್ಟು ವೋಲ್ಟೇಜಿನ ವ್ಯತ್ಯಾಸ ಇದ್ದೇ ಇರುತ್ತದೆ. ಅದು ಆ ಉಂಗುರದಲ್ಲಿ ಸೆಕೆಂಡಿಗೆ ೫೦ ಆವರ್ತದ ಪ್ರವಾಹವನ್ನು ತಿರುಗಿಸುತ್ತದೆ. ಧ್ವನಿಯ ತಂತಿಯಲ್ಲಿ ಅದೇ ಗುಂಯ್ ಎಂದು ಕೇಳುತ್ತದೆ. ಉಂಗುರವನ್ನು ಎಲ್ಲಿಯಾದರೂ ಕತ್ತರಿಸಿದರೆ ಶಬ್ದ ನಿಲ್ಲಲೇಬೇಕು. ಕತ್ತರಿಸಬೇಕಾದದ್ದು ಧ್ವನಿಯ ಕಡೆಯಲ್ಲಿ, ಪ್ರಾಣರಕ್ಷಣೆಯ ಕಡೆಯಲ್ಲಲ್ಲ.

ಅದಕ್ಕೆ ಅತಿ ಸುಲಭವಾದ ಮಾರ್ಗ, ಧ್ವನಿಗೆ ಸಂಬಂಧಪಟ್ಟ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಕೊಡುವುದು. ಕೀಬೋರ್ಡು ದೂರವಿದ್ದರೆ ಆಂಪ್ಲಿಫೈಯರಿನ ಬೋರ್ಡಿನಿಂದಲೇ ಒಂದು ಮೂರೆಳೆಯ ಗಟ್ಟಿ ತಂತಿಯನ್ನು ಅಲ್ಲಿಗೆ ಒಯ್ಯಬೇಕು. ಮೂರು ಫೇಸಿನ ಸಂಪರ್ಕವಿರುವ ದೊಡ್ಡ ಸಭಾಗೃಹಗಳಲ್ಲಿ ಇದು ಇನ್ನೂ ಮುಖ್ಯ. ಒಂದು ಯಂತ್ರ ಒಂದು ಫೇಸಿನ ಮೇಲೆ, ಇನ್ನೊಂದು ಮತ್ತೊಂದು ಫೇಸಿನ ಮೇಲೆ ಇದ್ದರೆ, ದೋಷವಾದಾಗ ಅವೆರಡರ ನಡುವೆ ಸುಮಾರು ೪೦೦ ವೋಲ್ಟ್ ನಿಂತೀತು. ಎರಡನೆಯ ಮಾರ್ಗ, ನಡುವೆ ಒಂದು ಚಿಕ್ಕ ಧ್ವನಿ-ಟ್ರಾನ್ಸ್‌ಫಾರ್ಮರು ಹಾಕುವುದು; ಧ್ವನಿ ದಾಟುತ್ತದೆ, ತಂತಿ ತಂತಿಗೆ ನೇರ ಸಂಬಂಧವಿರುವುದಿಲ್ಲ. ಮೂರನೆಯದು, ಮೈಕುಗಳಿಗೆ ಎರಡೆಳೆ ಮತ್ತು ಹೊದಿಕೆ ಇರುವ, ಮೂರು ಮೊಳೆಯ ಜೋಡಣೆಯ ತಂತಿಯನ್ನು ಬಳಸುವುದು. ಎರಡು ಎಳೆಗಳೂ ಹೆಣೆದುಕೊಂಡಿರುವುದರಿಂದ ಹೊರಗಿನ ಉಪದ್ರವ ಎರಡರಲ್ಲೂ ಸಮವಾಗಿ ಹುಟ್ಟುತ್ತದೆ. ಆಂಪ್ಲಿಫೈಯರು ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ಸಮವಾದದ್ದು ಕಳೆದುಹೋಗುತ್ತದೆ. ಅಗ್ಗದ ಒಂದೆಳೆಯ ತಂತಿಯಲ್ಲಿ ಈ ಗುಣವಿಲ್ಲ. ನಮ್ಮ ಮಿತ್ರರ ಸಭೆಯಲ್ಲಿ ಇದ್ದದ್ದು ಆ ಒಂದೆಳೆಯದೇ, ಅದೂ ಹದಿನೈದು ಮೀಟರ್.

ಮೈಕಿನ ವಿಷಯ ಇಷ್ಟು ಹೇಳಿದ್ದೇಕೆಂದರೆ, ಸ್ಪೀಕರಿನ ತಂತಿಯನ್ನು ಎಳೆಯುವಾಗ ಜನ ಮಾಡುವ ದೊಡ್ಡ ತಪ್ಪು ಇಲ್ಲಿಯೇ ಇದೆ. ಮಾತನಾಡುವಾಗ ಮೈಕಿನಿಂದ ಬರುವುದು ಒಂದೆರಡು ಮಿಲಿವೋಲ್ಟ್. ಸ್ಪೀಕರಿನ ಲೈನಿನಲ್ಲಿರುವುದು ೧೦೦ ವೋಲ್ಟಿನವರೆಗೆ. ಐವತ್ತು ಸಾವಿರ ಪಟ್ಟಿಗೂ ಹೆಚ್ಚು! ಎರಡನ್ನೂ ಒಂದೇ ಪೈಪಿನಲ್ಲಿ ತುರುಕಿದರೆ, ಹೊರಗೆ ಹೋದದ್ದರ ಒಂದಂಶ ಮೈಕಿನ ತಂತಿಗೆ ಹೊಕ್ಕು, ಮತ್ತೆ ದೊಡ್ಡದಾಗಿ, ಮತ್ತೆ ಹೊಕ್ಕು, ಆಂಪ್ಲಿಫೈಯರು ತನ್ನಷ್ಟಕ್ಕೆ ಕೂಗತೊಡಗುತ್ತದೆ. ಕೆಲವೊಮ್ಮೆ ಆ ಕೂಗು ಮನುಷ್ಯರ ಕಿವಿಗೆ ಕೇಳದಷ್ಟು ಎತ್ತರದ್ದು. ಏನೂ ಕೇಳಿಸುವುದಿಲ್ಲ, ಆಂಪ್ಲಿಫೈಯರು ಮಾತ್ರ ಸುಡುವಷ್ಟು ಬಿಸಿಯಾಗಿರುತ್ತದೆ, ಸ್ಪೀಕರಿನ ಸಣ್ಣ ಬಾಯಿ ಸುಟ್ಟುಹೋಗುತ್ತದೆ, ಅಂಗಡಿಯವರು ಮಾಲು ಖರಾಬು ಎನ್ನುತ್ತಾರೆ.

ಇನ್ನು ಸ್ಪೀಕರಿನ ತಂತಿಗೂ ದೀಪ, ಪಂಖಗಳ ತಂತಿಗೂ ನಡುವೆ ಇರಬೇಕಾದ ಅಂತರ. ಅಲ್ಲಿ ಎರಡನ್ನೂ ಒಂದೇ ಕೇಸಿಂಗ್ ಪಟ್ಟಿಯಲ್ಲಿ ಹಾಕಿದ್ದರು. ಪಟ್ಟಿಯ ದುಡ್ಡು ಉಳಿಯಿತೆಂದು ಸಂತೋಷಪಟ್ಟಿರಬೇಕು. ಗರ್ ಶಬ್ದಕ್ಕೆ ಅದೂ ಒಂದು ಕಾರಣ, ನಿಜ. ಆದರೆ ನಿಯಮಗಳು ಈ ಅಂತರವನ್ನು ಕೇಳುವುದು ಕಿವಿಯ ಸುಖಕ್ಕಾಗಿ ಅಲ್ಲ. ಒಂದೇ ಪಟ್ಟಿಯೊಳಗೆ ಇಲಿ ಕಡಿದೋ, ಬಿಸಿಗೆ ಕರಗಿಯೋ ಹೊದಿಕೆ ಹೋದರೆ ೨೩೦ ವೋಲ್ಟು ಸ್ಪೀಕರಿನ ತಂತಿಗೆ ಏರುತ್ತದೆ. ಅಲ್ಲಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಮೈಕಿಗೆ. ಅಮೆರಿಕದಲ್ಲಿ ೧೮೯೭ರಿಂದ ನಡೆದುಬಂದು ಮೂರು ವರ್ಷಕ್ಕೊಮ್ಮೆ ತಿದ್ದುಪಡಿಯಾಗುವ ವಿದ್ಯುತ್ ಸಂಹಿತೆಯಲ್ಲಿ ಧ್ವನಿಯಂತ್ರಗಳಿಗೆಂದೇ ೬೪೦ನೆಯ ಪ್ರಕರಣವಿದೆ. ಅಲ್ಲಿ ಸ್ಪೀಕರಿನ ತಂತಿಯನ್ನು ವಿದ್ಯುತ್ ತಂತಿಯ ಪೈಪಿನಲ್ಲಿ ಹಾಕಗೊಡುವುದಿಲ್ಲ. ತೆರೆದು ಎಳೆದರೆ ಎರಡಂಗುಲ, ಅಂದರೆ ಸುಮಾರು ೫೦ ಮಿಲಿಮೀಟರ್, ದೂರ ಕೇಳುತ್ತಾರೆ. ಆಂಪ್ಲಿಫೈಯರಿನ ಬೆನ್ನಿನ ಮೇಲೆಯೇ ಇದಕ್ಕೆ ಯಾವ ದರ್ಜೆಯ ತಂತಿ ಬೇಕೆಂದು ಬರೆದಿರಬೇಕು. ತೂಗುಛಾವಣಿಯ ಮೇಲೆ ಗಾಳಿ ಹರಿಯುವ ಜಾಗದಲ್ಲಿ ಎಳೆಯುವ ತಂತಿ ಬೆಂಕಿಯನ್ನು ಹಬ್ಬಿಸದ, ಹೊಗೆ ಕಾರದ ಜಾತಿಯದಾಗಿರಬೇಕು. ಅಲ್ಲಿನ ಚರ್ಚುಗಳನ್ನು ಜನ ಗುಂಪುಗೂಡುವ ಸ್ಥಳವೆಂದು ಎಣಿಸಿ, ಮನೆಗಿಂತ ಬಿಗಿಯಾದ ನಿಯಮ ಹಚ್ಚುತ್ತಾರೆ.

ನಮ್ಮ ದೇಶದಲ್ಲೂ ಇದಕ್ಕೆ ಬರಹ ಇಲ್ಲದಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. ೭೩೨ ಕಟ್ಟಡಗಳ ವಾಯರಿಂಗಿನದು, ಐ.ಎಸ್. ೧೮೮೧ ಒಳಾಂಗಣದ ಧ್ವನಿವರ್ಧಕ ವ್ಯವಸ್ಥೆಯದು, ೧೮೮೨ ಹೊರಾಂಗಣದ್ದು. ರಾಷ್ಟ್ರೀಯ ವಿದ್ಯುತ್ ಸಂಹಿತೆ ೧೯೮೫ರಲ್ಲಿ ಬಂದು ೨೦೧೧ರಲ್ಲಿಯೂ ೨೦೨೩ರಲ್ಲಿಯೂ ಪರಿಷ್ಕೃತವಾಯಿತು. ಇಷ್ಟೆಲ್ಲ ಇದ್ದೂ ಚಿಕ್ಕ ಊರಿನ, ಚಿಕ್ಕ ಸಭೆಯ ಕೆಲಸದಲ್ಲಿ ಇವುಗಳ ಹೆಸರನ್ನೂ ಯಾರೂ ಎತ್ತುವುದಿಲ್ಲ ಎಂಬುದು ನಮ್ಮ ಅನುಭವ. ನಾವು ಬಳಸುವ ಕೈಲೆಕ್ಕ ಹೀಗೆ: ವಿದ್ಯುತ್ ತಂತಿಗೂ ಸ್ಪೀಕರಿನ ತಂತಿಗೂ ಬೇರೆ ಬೇರೆ ಪೈಪು, ಪಕ್ಕಪಕ್ಕದಲ್ಲಿ ದೂರ ಹೋಗುವಂತಿದ್ದರೆ ಒಂದಡಿಯ ಅಂತರ, ದಾಟಲೇಬೇಕಾದಲ್ಲಿ ಅಡ್ಡಡ್ಡ ನೇರ ಕೋನದಲ್ಲಿ ದಾಟುವುದು, ಮೈಕಿನ ತಂತಿ ಈ ಎರಡರಿಂದಲೂ ದೂರ, ಸಾಧ್ಯವಾದರೆ ಎದುರು ಗೋಡೆಯಲ್ಲಿ. ಸ್ಪೀಕರಿನ ತಂತಿಗೆ ಕೆಂಪು, ಕಪ್ಪು ಬಣ್ಣ ಬೇಡ. ಆರು ವರ್ಷದ ನಂತರ ಬರುವ ವಾಯರ್‌ಮನ್ ಅದನ್ನು ಫೇಸು, ನ್ಯೂಟ್ರಲ್ ಎಂದು ತಿಳಿದುಬಿಟ್ಟಾನು.

ಇಲ್ಲಿ ೧೦೦ ವೋಲ್ಟಿನ ಲೈನು ಎಂದರೇನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಸಿಗುವ ಸಭಾ-ಆಂಪ್ಲಿಫೈಯರುಗಳ ಬೆನ್ನಿನಲ್ಲಿ ೪ ಓಮ್, ೮ ಓಮ್, ೧೬ ಓಮ್, ೧೦೦ ವೋಲ್ಟ್ ಎಂದು ಬೇರೆ ಬೇರೆ ತಿರುಪುಗಳಿರುತ್ತವೆ. ಸಭೆಯವರು ೮ ಓಮಿನ ನಾಲ್ಕು ಸ್ಪೀಕರುಗಳನ್ನು ಒಂದೇ ಜೋಡಿ ತಂತಿಗೆ ಪಕ್ಕಪಕ್ಕದಲ್ಲಿ ಸೇರಿಸಿ ೮ ಓಮಿನ ತಿರುಪಿಗೆ ಕಟ್ಟಿದ್ದರು. ಎಂಟು ಓಮಿನ ನಾಲ್ಕು ಹೀಗೆ ಸೇರಿದರೆ ಆಗುವುದು ೨ ಓಮ್. ಆಂಪ್ಲಿಫೈಯರಿನ ಮೇಲೆ ನಾಲ್ಕು ಪಟ್ಟು ಹೊರೆ. ಇನ್ನು ತಂತಿಯ ಲೆಕ್ಕ: ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು ೧೨ ಓಮ್ ತಡೆ. ಹಿಂದಿನ ಗೋಡೆಯವರೆಗೆ ಸುತ್ತಿಬಳಸಿ ೪೦ ಮೀಟರ್. ಹೋಗಿ ಬರುವ ದಾರಿ ೮೦ ಮೀಟರ್. ತಡೆ ಸುಮಾರು ೧ ಓಮ್. ನಾಲ್ಕೂ ಸ್ಪೀಕರು ಆ ತುದಿಯಲ್ಲಿದ್ದರೆ ೨ ಓಮ್ ಸ್ಪೀಕರಿಗೆ, ೧ ಓಮ್ ತಂತಿಗೆ, ಅಂದರೆ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ತಂತಿ ಕಾಯಿಸುವುದಕ್ಕೇ ಹೋಯಿತು. ಅಲ್ಲಿ ಹಾಕಿದ್ದ ತಂತಿ ಒಂದೂವರೆಯದೂ ಅಲ್ಲ, ಅರ್ಧದ್ದು. ಅದರ ತಡೆ ಮೂರು ಪಟ್ಟು. ಹಿಂದಿನ ಬೆಂಚಿನಲ್ಲಿ ಕೂರುವ ಮುದುಕಿಯರಿಗೆ ಒಂದು ಮಾತೂ ಕೇಳುತ್ತಿರಲಿಲ್ಲ ಎಂದರೆ ಆಶ್ಚರ್ಯವೇನು? ಧ್ವನಿ ಏರಿಸುತ್ತಾರೆ, ಧ್ವನಿಯೊಡನೆ ಗುಂಯ್ ಶಬ್ದವೂ ಏರುತ್ತದೆ. ದೊಡ್ಡ ಆಂಪ್ಲಿಫೈಯರು ತಂದಿದ್ದರೆ ತಂತಿ ಇನ್ನಷ್ಟು ಕಾಯುತ್ತಿತ್ತು, ಅಷ್ಟೆ.

ಇದಕ್ಕೆ ಉಪಾಯ, ದೂರದ ಊರಿಗೆ ವಿದ್ಯುತ್ತನ್ನು ಒಯ್ಯುವವರು ಮಾಡುವುದೇ. ವೋಲ್ಟೇಜು ಏರಿಸಿ ಪ್ರವಾಹ ಇಳಿಸುವುದು. ೧೦೦ ವೋಲ್ಟಿನ ತಿರುಪಿಗೆ ಲೈನು ಕಟ್ಟಿ, ಪ್ರತಿ ಸ್ಪೀಕರಿಗೂ ಒಂದೊಂದು ಪುಟ್ಟ ಟ್ರಾನ್ಸ್‌ಫಾರ್ಮರು ಇಡುತ್ತಾರೆ. ಅದರಲ್ಲಿ ೫, ೧೦, ೨೦ ವಾಟ್ ಎಂದು ಗುರುತುಗಳಿರುತ್ತವೆ. ೧೦ ವಾಟಿನ ನಾಲ್ಕು ಸ್ಪೀಕರು ಎಂದರೆ ೪೦ ವಾಟ್. ಲೈನಿನ ಪ್ರವಾಹ ಒಟ್ಟು ೦.೪ ಆಂಪಿಯರ್ ಮಾತ್ರ. ಹೊರೆ ೨೫೦ ಓಮ್. ಮೊದಲಿನ ಒಂದು ಓಮ್ ತಂತಿ ಈಗ ತಿನ್ನುವುದು ಇನ್ನೂರೈವತ್ತರಲ್ಲಿ ಒಂದು ಪಾಲು. ಹಿಂದಿನ ಸ್ಪೀಕರಿಗೆ ೨೦ರ ಗುರುತು, ಪೀಠದ ಬಳಿಯದಕ್ಕೆ ೫ರ ಗುರುತು ಎಂದು ಬೇಕಾದ ಹಾಗೆ ಹಂಚಿಕೊಳ್ಳಲೂ ಬರುತ್ತದೆ. ಎಲ್ಲ ಗುರುತುಗಳ ಮೊತ್ತ ಆಂಪ್ಲಿಫೈಯರಿನ ಶಕ್ತಿಯನ್ನು ಮೀರಬಾರದು. ಐದರಲ್ಲಿ ಒಂದು ಪಾಲು ಉಳಿಸಿಕೊಳ್ಳುವುದು ಒಳ್ಳೆಯದು. ಟ್ರಾನ್ಸ್‌ಫಾರ್ಮರು ಇಲ್ಲದ ೮ ಓಮಿನ ಸ್ಪೀಕರನ್ನು ಈ ಲೈನಿಗೆ ಎಂದೂ ಕಟ್ಟಕೂಡದು.

ಆದರೆ ೧೦೦ ವೋಲ್ಟು ಎಂಬುದನ್ನು ಮರೆಯಬಾರದು. ಜೋರಾಗಿ ಹಾಡು ನಡೆಯುತ್ತಿರುವಾಗ ಸುಲಿದ ತುದಿ ಮುಟ್ಟಿದರೆ ಏಣಿಯಿಂದ ಕೆಳಗೆ ಬೀಳುವಷ್ಟು ಪೆಟ್ಟು ಕೊಡುತ್ತದೆ. ಹಳೆಯ ಗಂಟೆಯ ತಂತಿ, ಟೆಲಿಫೋನಿನ ತಂತಿ ಇದಕ್ಕೆ ಸಲ್ಲದು. ವಿದ್ಯುತ್ ವಾಯರಿಂಗಿಗೆ ಬಳಸುವ ಹೊದಿಕೆಯ, ಬೆಂಕಿ ತಡೆಯುವ ತಾಮ್ರದ ತಂತಿಯನ್ನೇ, ಎರಡೆಳೆ ಹೆಣೆದು, ಹಾಕಬೇಕು. ಜೋಡಣೆಗಳು ಮುಚ್ಚಳವಿರುವ ಡಬ್ಬಿಯೊಳಗೆ, ತಿರುಪಿನಿಂದ; ತಿರುಚಿ ಪಟ್ಟಿ ಸುತ್ತುವುದಲ್ಲ. ಕರಾವಳಿಯ ಊರುಗಳ ಉಪ್ಪುಗಾಳಿಗೆ ತಿರುಚಿದ ಜೋಡಣೆ ಎರಡು ಮಳೆಗಾಲಕ್ಕೆ ಹಸಿರು ಕಟ್ಟುತ್ತದೆ.

ಸಿನಿಮಾ ಹಾಡಿನ ಕಥೆ ಉಳಿಯಿತು. ಅದನ್ನು ಕೆಲವರು ದೆವ್ವದ ಕಾಟವೆಂದೂ ಆಡಿಕೊಂಡಿದ್ದರಂತೆ. ಕಾರಣ ಸರಳ. ಮಧ್ಯಮ ತರಂಗದ ಆಕಾಶವಾಣಿ, ಸೆಕೆಂಡಿಗೆ ಹತ್ತು ಲಕ್ಷ ಆವರ್ತದ್ದಾದರೆ, ಅದರ ಅಲೆಯ ಉದ್ದ ೩೦೦ ಮೀಟರ್. ಕಾಲುಪಾಲು ೭೫ ಮೀಟರ್. ಮಂದಿರದ ಸುತ್ತ ಎಳೆದ ಸ್ಪೀಕರಿನ ತಂತಿ ಒಳ್ಳೆಯ ಏರಿಯಲ್ಲೇ ಆಗುತ್ತದೆ. ತಂತಿ ಹಿಡಿದ ಅಲೆ ಆಂಪ್ಲಿಫೈಯರಿನ ಹಿಂಬಾಗಿಲಿನಿಂದ ಒಳಹೊಕ್ಕು, ಅಲ್ಲಿನ ಟ್ರಾನ್ಸಿಸ್ಟರಿನಲ್ಲಿ, ಅಥವಾ ತುಕ್ಕು ಹಿಡಿದ ಜೋಡಣೆಯಲ್ಲಿ, ಸೋಸಿಹೋಗಿ ಹಾಡಾಗಿ ಹೊರಬರುತ್ತದೆ. ಮೈಕಿನ ಗುಂಡಿಯನ್ನು ಪೂರ್ತಿ ಇಳಿಸಿದರೂ ಹಾಡು ಕೇಳುತ್ತಿದ್ದರೆ ದೋಷ ಸ್ಪೀಕರಿನ ಕಡೆಯದು. ಇಳಿಸಿದಾಗ ನಿಂತರೆ ಮೈಕಿನ ಕಡೆಯದು. ನಾವು ಹೀಗೆ ಪರೀಕ್ಷಿಸಿದಾಗ ಅಲ್ಲಿ ಎರಡು ಕಡೆಯದೂ ಇತ್ತು! ತಂತಿಯನ್ನು ಹೆಣೆದುದು, ಮಿಕ್ಕ ತಂತಿಯ ಸುರುಳಿ ಕತ್ತರಿಸಿದುದು, ಆಂಪ್ಲಿಫೈಯರಿನ ಬಳಿಯೇ ತಂತಿಯನ್ನು ಫೆರೈಟ್ ಎಂಬ ಕಪ್ಪು ಉಂಗುರದಲ್ಲಿ ಏಳೆಂಟು ಸುತ್ತು ಸುತ್ತಿದುದು, ಇಷ್ಟರಿಂದ ಹಾಡು ಹೋಯಿತು. ಪಂಖದ ಗರ್ ಶಬ್ದಕ್ಕೆ ಕಾರಣ ಗುಂಡಿ ತಿರುಗಿಸುವ ಅಗ್ಗದ ರೆಗ್ಯುಲೇಟರು. ಅದು ಪ್ರತಿ ಅಲೆಯನ್ನೂ ಕತ್ತರಿಸಿ ಕೊಡುವುದರಿಂದ ಸೆಕೆಂಡಿಗೆ ನೂರು ಬಾರಿ ಕಿಡಿಯಂತಹ ಏಟು ಹುಟ್ಟುತ್ತದೆ. ಕೆಪಾಸಿಟರಿನ, ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಜಾತಿಯದನ್ನು ಹಾಕಿಸಿದರೆ ಮುಗಿಯಿತು. ಬಣ್ಣದ ದೀಪಗಳನ್ನು ಮಂದ ಮಾಡುವ ಯಂತ್ರಗಳೂ ಇದೇ ಕುಲದವು.

ಹಳೆಯ ಇಗರ್ಜಿಗಳ ಕಷ್ಟ ಬೇರೆ. ಮುಂಬಯಿಯ ಕೋಟೆ ಭಾಗದ ಸೇಂಟ್ ಥಾಮಸ್ ಕೆಥೆಡ್ರಲ್ ಪ್ರಾರ್ಥನೆಗೆ ತೆರೆದದ್ದು ೧೭೧೮ರಲ್ಲಿ. ಕೊಲಾಬಾದ ಅಫಘಾನ್ ಚರ್ಚು ೧೮೫೮ರದು. ವಿದ್ಯುತ್ತು ಎಂಬುದೇ ಇಲ್ಲದ ಕಾಲದ ಕಲ್ಲುಗೋಡೆಗಳು. ಅಂತಹ ಗೋಡೆಯನ್ನು ಕೊರೆದು ತಂತಿ ಹೂಳುವುದು ಪಾಪವೆಂದೇ ನಾವು ಹೇಳುತ್ತೇವೆ. ಗಾರೆಯ ಸಂದಿನಲ್ಲಿ, ಮರದ ತೊಲೆಯ ಮೇಲೆ ಒಯ್ಯಬೇಕು. ನಮ್ಮ ಕಡೆಯ ಹೆಂಚಿನ ಮಾಡಿನ ಇಗರ್ಜಿಗಳಲ್ಲಿ ತೊಲೆಯ ದಾರಿ ಸುಲಭ. ಮಂಗಳೂರು ಹೆಂಚಿನ ಮೊದಲ ಕಾರಖಾನೆಯನ್ನು ೧೮೬೫ರಲ್ಲಿ ಜೆಪ್ಪುವಿನಲ್ಲಿ ತೆರೆದವರೂ ಬಾಸೆಲ್ ಮಿಶನ್ನಿನವರೇ. ಆದರೆ ಆ ತೊಲೆಗಳ ಮೇಲೆ ಇಲಿಗಳ ರಾಜ್ಯ. ಅಲ್ಲಿ ಪೈಪಿಲ್ಲದೆ ತಂತಿ ಬೇಡ.

ಎತ್ತರದ ಕಲ್ಲು ಕಟ್ಟಡದಲ್ಲಿ ಮಾತು ಎರಡು ಮೂರು ಸೆಕೆಂಡು ಸುತ್ತಾಡುತ್ತದೆ. ಅಲ್ಲಿ ಎರಡು ದೊಡ್ಡ ಸ್ಪೀಕರು ಕೂಗುವುದಕ್ಕಿಂತ ಕಂಬಗಳ ಮೇಲೆ ಉದ್ದುದ್ದದ ನಾಲ್ಕಾರು ಕಾಲಮ್ ಸ್ಪೀಕರು ಮೆಲ್ಲಗೆ ನುಡಿಯುವುದು ಮೇಲು. ಅವು ಧ್ವನಿಯನ್ನು ಮಾಡಿಗೆ ಎರಚದೆ ಬೆಂಚುಗಳ ಮೇಲೆ ಹರಡುತ್ತವೆ.

ಗೋಪುರದ ಮೇಲೆ ಹೊರಗೆ ಕಟ್ಟುವ ಕಹಳೆಯ ವಿಷಯದಲ್ಲಿ ಎರಡು ಮಾತು ಸಾಕು. ಸಿಡಿಲು ತಡೆಯುವ ಪಟ್ಟಿಗೆ ಸ್ಪೀಕರನ್ನಾಗಲಿ ಅದರ ತಂತಿಯನ್ನಾಗಲಿ ಕಟ್ಟಬಾರದು. ಮಳೆಗಾಲದಲ್ಲಿ, ಬಳಸದಾಗ, ಹೊರಗಿನ ಲೈನನ್ನು ಆಂಪ್ಲಿಫೈಯರಿನಿಂದ ಬಿಡಿಸಿಡಬೇಕು. ಮತ್ತು ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಅಧಿಕಾರಿಗಳ ಲಿಖಿತ ಅನುಮತಿ ಬೇಕು, ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಹೊರಗೆ ನುಡಿಸುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಚೆನ್ನೈಯ ಒಂದು ಚರ್ಚಿಗೂ ನೆರೆಯ ನಿವಾಸಿಗಳಿಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ, ಪರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ತೀರ್ಪಿತ್ತಿತು. ನಮ್ಮ ಮಿತ್ರರ ಸಭೆಯವರಿಗೆ ಹೊರಗೊಂದು ಕಹಳೆ ಹಾಕುವ ಆಸೆ ಇತ್ತು. ಪಕ್ಕದಲ್ಲೇ ಆಸ್ಪತ್ರೆ ಇದೆ ಎಂದು ತೋರಿಸಿದ ಮೇಲೆ ಬಿಟ್ಟರು.

ಒಟ್ಟು ಕೆಲಸಕ್ಕೆ ಮೂರು ಶನಿವಾರ ಹಿಡಿಯಿತು. ಅರ್ಥಿಂಗ್, ಆರ್.ಸಿ.ಸಿ.ಬಿ. ಮತ್ತು ಸ್ವಿಚ್‌ಬೋರ್ಡು ಪರವಾನಗಿಯವರಿಂದ ಆಯಿತು. ಸ್ಪೀಕರಿನ ಪೈಪು ಎಳೆದವರು ಸಭೆಯ ಹುಡುಗರು. ಆಂಪ್ಲಿಫೈಯರು ಹಳೆಯದೇ. ಹೊಸದಾಗಿ ಕೊಂಡದ್ದು ನಾಲ್ಕು ಲೈನ್ ಟ್ರಾನ್ಸ್‌ಫಾರ್ಮರು, ಮೈಕಿನ ಮೂರು ಒಳ್ಳೆಯ ತಂತಿ, ಪೈಪು, ತಾಮ್ರದ ತಂತಿ. ಕೊನೆಗೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಗಿಟಾರಿನ ತಂತಿಗೂ ಇನ್ನೊಂದನ್ನು ಮೈಕಿನ ಜಾಲರಿಗೂ ಇಟ್ಟು ನೋಡಿದೆವು. ಮೊದಲ ದಿನ ೧೦೦ರ ಮೇಲೆ ತೋರಿಸಿದ್ದ ಮುಳ್ಳು ಈಗ ಅಲುಗಲಿಲ್ಲ. ಆ ಹುಡುಗ ಕರವಸ್ತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹಬ್ಬದ ಬೆಳಿಗ್ಗೆ ನಾವೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಬಂದೆವು. ತಂತಿಗಳ ತುದಿಗೆಲ್ಲ ಯಾವುದು ಯಾವುದರದೆಂದು ಚೀಟಿ ಅಂಟಿಸುವ ಕೆಲಸವೊಂದು ಆಗ ಉಳಿದಿತ್ತು. ಅದನ್ನು ನಮ್ಮ ಮಿತ್ರರು ಗುಮಾಸ್ತರ ಅಚ್ಚುಕಟ್ಟು ಕೈಬರಹದಲ್ಲಿ, ಕನ್ನಡದಲ್ಲಿಯೇ, ಬರೆದು ಮುಗಿಸಿದರು.